ರವಿವಾರ ಬರುತ್ತಿದ್ದಾಕೆ

ಎರಡು ಸಾವಿರದ ಇಸವಿಯ ಆಜುಬಾಜಿನ ಮೂರು ವರ್ಷ ನನಗೆ ವಿಳಾಸವೆಂಬುದೇ ಇರಲಿಲ್ಲ. ಬೆಳಗಾವಿಯಲ್ಲಿ ಅವ್ವನ ಮನೆ ಇತ್ತು, ಖರೆ. ಆದರೆ ನಾನು ಇರುತ್ತಿದ್ದದ್ದು ರೈಲಿನ ಒಂದು ಹಳೆಯ ಬೋಗಿಯಲ್ಲಿ. ಹಳಿಯ ಕೆಳಗಿನ ಜಲ್ಲಿಯನ್ನು ಕುಟ್ಟಿ ದಾರಿ ಸಮ ಮಾಡುವ ದೊಡ್ಡ ಯಂತ್ರವೊಂದನ್ನು ನಾನು ನಡೆಸುತ್ತಿದ್ದೆ. ಯಂತ್ರ ಹೋದಲ್ಲಿಗೆ ನಮ್ಮ ಬೋಗಿಯೂ ಹೋಗಬೇಕು. ದೇಸೂರಿನಲ್ಲಿ ಹದಿನೈದು ದಿನ, ಖಾನಾಪುರದಲ್ಲಿ ತಿಂಗಳು, ಗುಂಜಿಯಲ್ಲಿ ಎಂಟು ದಿನ, ಆಮೇಲೆ ಲೋಂಡಾ. ಒಳಗೆ ಏಳು ಮಂದಿಗೆ ಮಲಗುವ ಹಲಗೆ, ಒಂದು ಅಡಿಗೆ ಕೋಣೆ, ನೀರಿನ ಟಾಕಿ. ಮಧ್ಯಾಹ್ನ ಉಂಡು ಅಡ್ಡಾದಾಗ ಯಾವುದೋ ಗೂಡ್ಸ್ ಗಾಡಿ ಬಂದು ನಮ್ಮನ್ನು ಕಟ್ಟಿಕೊಂಡು ಹೊರಡುತ್ತಿತ್ತು. ಎದ್ದು ಕಿಟಕಿ ತೆಗೆದರೆ ಮಲಗುವಾಗ ಇದ್ದ ಗದ್ದೆ ಇಲ್ಲ, ಅಲ್ಲಿ ಕಾಡು ನಿಂತಿರುತ್ತಿತ್ತು. ಮೊದಲೆರಡು ಸಲ ಹೆದರಿದೆ. ಆಮೇಲೆ ಅದೇ ರೂಢಿಯಾಯಿತು.

ಆ ದಿನಗಳನ್ನು ಈಗ ನೆನೆದರೆ ಎಲ್ಲವನ್ನೂ ಅರೆನಿದ್ದೆಯಲ್ಲಿ ಕಂಡಂತಿದೆ. ಅದಕ್ಕೆ ಯಂತ್ರವೂ ಕಾರಣ. ನಾಲ್ಕೈದು ತಾಸು ಅದರ ಮೇಲೆ ಕೂತು ಇಳಿದರೆ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಉಳಿದುಬಿಡುತ್ತಿತ್ತು. ಕಿವಿಗೆ ಹತ್ತಿ ತುರುಕಿದರೂ ಅಷ್ಟೇ. ಎದುರಿಗಿದ್ದವರು ಆಡಿದ ಮಾತು ಕೆರೆಯಲ್ಲಿ ಮುಳುಗಿದವನಿಗೆ ದಂಡೆಯ ಮಾತು ಕೇಳಿದ ಹಾಗೆ ಕೇಳುತ್ತಿತ್ತು. ಕೆಲಸದ ಹೊತ್ತಿನಲ್ಲಿ ನಾವೆಲ್ಲ ಕೈಯಲ್ಲೇ ಮಾತಾಡುತ್ತಿದ್ದೆವು: ಮುಂದೆ ಬಾ, ನಿಧಾನ, ನಿಲ್ಲು, ಗಾಡಿ ಬಂತು. ಸಂಜೆ ಬೋಗಿಗೆ ಮರಳಿದ ಮೇಲೆ ಮಾತಾಡುವ ಉಮೇದು ಯಾರಿಗೂ ಇರುತ್ತಿರಲಿಲ್ಲ. ಜಾಂಬೋಟಿ ಕಡೆಯಿಂದ ಮೋಡ ಇಳಿದು ಬಂದು ಬೋಗಿಯ ಬಾಗಿಲಲ್ಲಿ ನಿಲ್ಲುತ್ತಿತ್ತು. ಒಳಗೆ ಮಾಮಾ ರೊಟ್ಟಿ ತಟ್ಟುತ್ತಿದ್ದರು.

ನಮ್ಮ ಅಡಿಗೆಯವರಿಗೆ ನಾವು ಮಾಮಾ ಅನ್ನುತ್ತಿದ್ದೆವು. ಆ ಕರೆ ಅವರಿಗೆ ಒಮ್ಮೆಯೂ ಕೇಳಿಸಲಿಲ್ಲ. ಹುಟ್ಟಿದಾಗಿನಿಂದ ಕಿವಿ ಇಲ್ಲ, ಮಾತೂ ಇಲ್ಲ. ಪಾರಿಶ್ವಾಡದವರು, ನಲವತ್ತು ದಾಟಿದ್ದರು, ಲಗ್ನವಾಗಿರಲಿಲ್ಲ, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರನ್ನು ಕೆಲಸಕ್ಕೆ ತಂದು ಬಿಟ್ಟ ತಮ್ಮ, ನಮ್ಮ ಕಡೆ ಹಿಂಗ ಇರೋರು ಇವರೊಬ್ಬರೇ ಎಂದು ಹೇಳಿಹೋಗಿದ್ದ. ಅವರ ಕೈಯ ಕಡಲೆಹಿಟ್ಟಿನ ಝುಣಕಾ ತಿಂದವರು ಮನೆಗೆ ಹೋಗಿ ಹೆಂಡತಿಯ ಅಡಿಗೆಯಲ್ಲಿ ತಪ್ಪು ಹುಡುಕುತ್ತಿದ್ದರು. ಆದರೆ ಚಹಾ, ಊಟ, ನೀರು, ಉಪ್ಪು ಕಡಿಮೆ, ಇಷ್ಟು ಸನ್ನೆ ಬಿಟ್ಟರೆ ನಾವು ಅವರೊಂದಿಗೆ ಒಂದು ಮಾತೂ ಆಡಿರಲಿಲ್ಲ. ಆಡಬೇಕು ಅಂತ ಅನಿಸಿರಲೂ ಇಲ್ಲ. ಸುಳ್ಳು ಯಾಕೆ ಹೇಳಲಿ.

ನಾವು ಡಿಶ್ ತಂದದ್ದು ಕ್ರಿಕೆಟ್ಟಿಗಾಗಿ. ಬೋಗಿಯಲ್ಲಿ ಒಂದು ಟಿವಿ ಇತ್ತು, ಸಾದಾ ಆಂಟೆನಾಗೆ ದೇಸೂರು ದಾಟಿದರೆ ಬರೀ ಚುಕ್ಕಿ ಬೀಳುತ್ತಿತ್ತು. ನಡುವೆ ಗುಡ್ಡ, ಏನು ಮಾಡುವುದು. ಆಗ ಯಾರೋ, ಮೇಲಿನ ಉಪಗ್ರಹದಿಂದಲೇ ಸರಕಾರಿ ಚಾನೆಲ್ ಹಿಡಿಯಬಹುದು, ಅದಕ್ಕೆ ಗುಡ್ಡ ಅಡ್ಡ ಬರುವುದಿಲ್ಲ ಎಂದರು. ಎಂಟು ಎಸಳಿನ ಜಾಲರಿ ಡಿಶ್ ಬಂತು. ಬೋಗಿ ನಿಂತಲ್ಲಿ ಪಕ್ಕದ ನೆಲದ ಮೇಲೆ ಎಸಳು ಜೋಡಿಸಿ, ಕಾಲಿಗೆ ಕಲ್ಲು ಹೇರಿ ನಿಲ್ಲಿಸಬೇಕು. ಹೊರಡುವಾಗ ಬಿಚ್ಚಿ ಹಲಗೆಯ ಕೆಳಗೆ ತಳ್ಳಬೇಕು. ಹೊಸ ನಿಲ್ದಾಣಕ್ಕೆ ಬಂದ ಕೂಡಲೇ ಮತ್ತೆ ಆಕಾಶದಲ್ಲಿ ಹುಡುಕಾಟ. ಒಬ್ಬ ಡಿಶ್ ತಿರುಗಿಸುತ್ತಾನೆ, ಇನ್ನೊಬ್ಬ ಟಿವಿ ಮುಂದೆ ಕೂತು, ಬಂತು, ಹೋಯಿತು, ಸ್ವಲ್ಪ ಹಿಂದೆ ಎಂದು ಕೂಗುತ್ತಾನೆ. ಕೂಗುವವನಿಗೂ ತಿರುಗಿಸುವವನಿಗೂ ಪ್ರತಿ ಸಲ ಜಗಳ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಬಹುಪಾಲು ಜಗಳ ನನ್ನದೇ.

ಖಾನಾಪುರದಲ್ಲಿ ನಮ್ಮ ಬೋಗಿ ನಿಲ್ಲಿಸುವ ಸೈಡಿಂಗಿನ ಹಳಿಯ ಬಳಿ ಒಂದು ದಿನ ನಾನು ರೇಗಿ ಡಿಶ್ ಬಿಟ್ಟು ನಡೆದೆ. ಮಾಮಾ ಕೈ ಒರೆಸಿಕೊಂಡು ಬಂದು ಅದನ್ನು ಹಿಡಿದರು. ಅವರಿಗೆ ಕೂಗಿ ಏನು ಪ್ರಯೋಜನ? ಒಳಗಿದ್ದವನು ಕಿಟಕಿಯಿಂದ ತೋಳು ಹೊರಗೆ ಚಾಚಿ, ನಾವು ಯಂತ್ರಕ್ಕೆ ಮಾಡುವ ಸನ್ನೆಗಳನ್ನೇ ಮಾಡಿದ: ಮುಂದೆ, ನಿಧಾನ, ಇನ್ನೂ ನಿಧಾನ, ನಿಲ್ಲು. ಚಿತ್ರ ಕನ್ನಡಿಯ ಹಾಗೆ ಬಂತು. ಅಂದಿನಿಂದ ಡಿಶ್ ಮಾಮಾನ ಪಾಲಾಯಿತು. ಹದಿನೈದು ನಿಮಿಷದ ಜಗಳದ ಕೆಲಸ ಅವರಿಗೆ ಎರಡು ನಿಮಿಷದ್ದು.

ಆ ವಾರವೇ ರವಿವಾರ ಮಧ್ಯಾಹ್ನ ಆಕೆ ಬಂದಳು. ಕಿವಿ ಕೇಳದವರ ವಾರ್ತೆ. ವಾರಕ್ಕೊಮ್ಮೆ, ಸ್ವಲ್ಪ ಹೊತ್ತು. ತಿಳಿ ಬಣ್ಣದ ಸೀರೆ ಉಟ್ಟ ಹೆಂಗಸೊಬ್ಬಳು ಕೈಗಳಿಂದಲೇ ಸುದ್ದಿ ಹೇಳುತ್ತಿದ್ದಳು. ನಮ್ಮವರು ಸೋಪು, ಬಕೀಟು ಹಿಡಿದು ಹೊರಗೆ ಹೋದರು. ಮಾಮಾ ಕೈಯಲ್ಲಿ ಸೌಟು ಹಿಡಿದು ಅಡಿಗೆ ಕೋಣೆಯ ಬಾಗಿಲಲ್ಲಿ ನಿಂತವರು ಅಲ್ಲಿಯೇ ನಿಂತುಬಿಟ್ಟರು. ಸೌಟಿನ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಕೊನೆಗೆ ಆಕೆ ಕೈ ಮುಗಿದಳು. ಮಾಮಾ ಸೌಟು ಸಮೇತ ಕೈ ಮುಗಿದರು.

ಮುಂದಿನ ರವಿವಾರ ಅವರು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿ, ತಲೆ ಬಾಚಿಕೊಂಡು ಟಿವಿ ಮುಂದೆ ಕೂತರು. ಅದರ ಮುಂದಿನ ವಾರವೂ ಹಾಗೇ. ಮಾಮಾನ ಬೀಗರು ಬಂದರು, ಹೊರಗೆ ನಡೀರಿ ಎಂದು ನಮ್ಮವರು ಚೇಷ್ಟೆ ಮಾಡುತ್ತಿದ್ದರು. ನಾನು ಮೇಲಿನ ಹಲಗೆಯಲ್ಲಿ ಮಲಗಿಕೊಂಡೇ ನೋಡುತ್ತಿದ್ದೆ. ದನಿ ಸಣ್ಣದು ಮಾಡಿರುತ್ತಿದ್ದೆವು. ಹೊರಗೆ ಸಾಗವಾನಿ ಎಲೆಗಳ ಮೇಲೆ ಬಿಸಿಲು, ಕಿವಿಯಲ್ಲಿ ನನ್ನ ಯಂತ್ರದ ಗುಂಯ್, ಪರದೆಯ ಮೇಲೆ ಆಕೆಯ ಕೈಗಳು, ಕೆಳಗೆ ಆಕೆಗೆ ಉತ್ತರ ಕೊಡುತ್ತಿದ್ದ ಮಾಮಾನ ಕೈಗಳು. ನಾಲ್ಕು ಕೈಗಳು ಏರುತ್ತ ಇಳಿಯುತ್ತ ಇರುವುದನ್ನು ನೋಡುತ್ತ ನನಗೆ ಕಣ್ಣು ಹತ್ತುತ್ತಿತ್ತು. ಅಷ್ಟು ಸುಖದ ನಿದ್ದೆ ಆಮೇಲೆ ನನಗೆ ಯಾವ ಮನೆಯಲ್ಲೂ ಬಂದಿಲ್ಲ.

ಹೀಗೆ ಎಷ್ಟೋ ವಾರ ನಡೆಯಿತು. ಆಮೇಲೆ ಒಂದು ರವಿವಾರ ಮ್ಯಾಚ್ ಬಂತು. ಬೆಳಗಿನಿಂದ ನಾವೆಲ್ಲ ಟಿವಿಗೆ ಅಂಟಿದ್ದೆವು. ಮಾಮಾ ಅಂಗಿ ತೊಟ್ಟು ಬಂದು ಕೂತರು. ಆಕೆ ಬರುವ ಹೊತ್ತಾಯಿತು, ಬರಲಿಲ್ಲ. ಮ್ಯಾಚ್ ಇದ್ದ ದಿನ ಆ ವಾರ್ತೆ ಇರುವುದಿಲ್ಲ ಎಂದು ನಮಗೆ ಗೊತ್ತು, ಅವರಿಗೆ ಹೇಗೆ ಗೊತ್ತಾಗಬೇಕು? ಸ್ವಲ್ಪ ಹೊತ್ತು ಕಾದು ಎದ್ದು ಹೋದರು. ಒಮ್ಮೆಲೇ ಚಿತ್ರ ಹರಿದು ಚುಕ್ಕಿ ಬಿತ್ತು. ಹೊರಗೆ ನೋಡಿದರೆ ಮಾಮಾ ಡಿಶ್ ತಿರುಗಿಸುತ್ತಿದ್ದಾರೆ. ಅದು ದಿಕ್ಕು ತಪ್ಪಿದೆ, ಅದಕ್ಕೇ ಆಕೆ ಸಿಗುತ್ತಿಲ್ಲ ಎಂದುಕೊಂಡು ಇಡೀ ಆಕಾಶದಲ್ಲಿ ಆಕೆಯನ್ನು ಹುಡುಕುತ್ತಿದ್ದರು.

ಒಳಗೆ ಎಲ್ಲರೂ ಬೊಬ್ಬೆ ಹೊಡೆದರು. ನಾನು ಬೋಗಿಯಿಂದ ಹಾರಿ ಓಡಿದೆ.

"ತಲಿ ಕೆಟ್ಟೈತೇನ್ ಮಾಮಾ ನಿನಗ? ಬಿಡು ಅದನ್ನ!"

ಕಿವಿ ಇಲ್ಲದವರ ಮುಂದೆ ಗಂಟಲು ಹರಿದುಕೊಂಡೆ. ಅವರು ನನ್ನತ್ತ ತಿರುಗಿ ಗಾಬರಿಯಿಂದ ಏನೇನೋ ಹೇಳತೊಡಗಿದರು, ಬೆರಳುಗಳು ಪಟಪಟ ಆಡುತ್ತಿದ್ದವು. ನಾನು ಅವರ ಎರಡೂ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಬಿಟ್ಟೆ. ಅವರು ಬಿಡಿಸಿಕೊಳ್ಳಲಿಲ್ಲ. ನನ್ನ ಮುಖ ನೋಡುತ್ತ ನಿಂತರು, ಕಣ್ಣಲ್ಲಿ ನೀರು ಬಂತು. ಆಗ ಹೊಳೆಯಿತು, ನಾನು ಹಿಡಿದದ್ದು ಕೈಯನ್ನಲ್ಲ, ಒಬ್ಬ ಮನುಷ್ಯನ ಬಾಯಿ ಮುಚ್ಚಿದ್ದೇನೆ ಎಂದು. ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಬಿಟ್ಟೆ. ಅವರು ಹಳಿಯ ಪಕ್ಕದ ಕಲ್ಲಿನ ಮೇಲೆ ಕುಸಿದು ಕೂತರು. ಸಂಜೆ ಒಲೆ ಹಚ್ಚಲಿಲ್ಲ. ಹಾಸಿಗೆ ಸುತ್ತಿ ಬಾಗಿಲ ಬಳಿ ಇಟ್ಟರು. ಆಕೆ ಹೋದಳು, ಇನ್ನು ಇಲ್ಲಿ ನನಗೇನು ಎಂಬಂತೆ ಖಾಲಿ ಅಂಗೈ ತೋರಿಸಿದರು. ಈ ವಾರ ಇಲ್ಲ, ಮುಂದಿನ ವಾರ ಬರುತ್ತಾಳೆ, ಅಷ್ಟೇ ನಾನು ಹೇಳಬೇಕಾಗಿದ್ದದ್ದು. ಅಷ್ಟನ್ನು ಹೇಳಲು ನನ್ನಲ್ಲಿ ಒಂದು ಸನ್ನೆಯೂ ಇರಲಿಲ್ಲ. ಎರಡು ವರ್ಷ ಅವರ ಅನ್ನ ಉಂಡವನು ನಾನು.

ಅಷ್ಟರಲ್ಲಿ ಪ್ಯಾಸೆಂಜರ್ ಗಾಡಿ ಬಂದು ಪಕ್ಕದ ಲೈನಿನಲ್ಲಿ ನಿಂತಿತು. ನಮ್ಮದು ಆಗ ಒಂಟಿ ಹಳಿಯ ದಾರಿ. ಎದುರಿನಿಂದ ಎಕ್ಸ್‌ಪ್ರೆಸ್ ಬಂದರೆ ಪ್ಯಾಸೆಂಜರ್ ಪಕ್ಕಕ್ಕೆ ಸರಿದು ಕಾಯಬೇಕು. ಮಾಮಾ ಇದನ್ನು ದಿನಾ ನೋಡುವವರು. ಅವರ ಭುಜ ತಟ್ಟಿ ಗಾಡಿ ತೋರಿಸಿದೆ. ಆಕೆಯ ಹಾಗೆ ಕೈ ಮುಗಿದು, ನನ್ನ ಎಡಗೈಯೇ ಆಕೆ ಎಂದು ತೋರಿಸಿ, ಅದನ್ನು ಪಕ್ಕಕ್ಕೆ ಸರಿಸಿ ನಿಲ್ಲಿಸಿದೆ. ಬಲಗೈ ಮ್ಯಾಚ್, ಅದನ್ನು ಬ್ಯಾಟಿನ ಹಾಗೆ ಬೀಸುತ್ತ ಎಡಗೈಯ ಪಕ್ಕದಿಂದ ಸಾಗಿಸಿದೆ. ಅದು ಹೋದ ಮೇಲೆ ಎಡಗೈ ನಿಧಾನವಾಗಿ ಹೊರಟಿತು. ಎಕ್ಸ್‌ಪ್ರೆಸ್ ಧಡಧಡ ಹೋಯಿತು. ಪ್ಯಾಸೆಂಜರ್ ಚಲಿಸಿತು. ಮಾಮಾ ಆ ಗಾಡಿ ಕಣ್ಮರೆಯಾಗುವವರೆಗೆ ನೋಡಿದರು. ಆಮೇಲೆ ಏಳು ಬೆರಳು ಎತ್ತಿ ಹುಬ್ಬೇರಿಸಿದರು. ಹೌದು, ಏಳು ದಿನ ಎಂದು ತಲೆಯಾಡಿಸಿದೆ. ಹಾಸಿಗೆ ಬಿಚ್ಚಿ ಒಲೆ ಹಚ್ಚಿದರು.

ಮಾತು ಕೊಟ್ಟಾಗಿತ್ತು. ಶನಿವಾರ ನೋಡಿದರೆ ಹಾಳಾದ್ದು, ರವಿವಾರ ಬೆಳಿಗ್ಗೆ ನಮ್ಮ ಬೋಗಿಯನ್ನು ಲೋಂಡಾಕ್ಕೆ ಒಯ್ಯುವ ಹುಕುಂ ಬಂತು. ಡಿಶ್ ಬಿಚ್ಚಬೇಕು. ಲೋಂಡಾ ತಲುಪಿ ಮತ್ತೆ ಜೋಡಿಸುವಷ್ಟರಲ್ಲಿ ಆಕೆ ಬಂದು ಹೋಗಿರುತ್ತಾಳೆ. ಎಸಳು ಕಳಚುವಾಗ ಮಾಮಾ ನನ್ನ ಮುಖ ನೋಡಲಿಲ್ಲ. ನನಗೆ ತಡೆಯಲಾಗಲಿಲ್ಲ. ಜೊತೆಯವರಿಗೆ ಹೇಳಿ, ರವಿವಾರ ಬೆಳಗಿನ ಗಾಡಿಗೆ ಅವರನ್ನು ಹತ್ತಿಸಿಕೊಂಡು ಬೆಳಗಾವಿಗೆ ಹೊರಟೆ. ಅಲ್ಲಿ ಅವ್ವನ ಮನೆಯಲ್ಲಿ ಹಳೆಯದೊಂದು ಕಪ್ಪು ಬಿಳುಪು ಟಿವಿ ಇತ್ತು.

ಗಾಡಿಯಲ್ಲಿ ಕಿಟಕಿಯ ಗಾಳಿಗೆ ಬಾಚಿದ ಕೂದಲು ಕೆದರದಂತೆ ಅವರು ಅಂಗೈ ಒತ್ತಿ ಹಿಡಿದಿದ್ದರು. ಆಕೆ ಏನು ಹೇಳುತ್ತಾಳೆ ಎಂದು ಸನ್ನೆಯಲ್ಲೇ ಕೇಳಿದೆ. ಎಷ್ಟೋ ವಾರಗಳಿಂದ ಕೇಳಬೇಕೆಂದಿದ್ದೆ. ಅವರು ಎರಡೂ ಕೈ ಬಿಚ್ಚಿ ನಕ್ಕರು. ತಿಳಿಯುವುದಿಲ್ಲ! ಒಂದೂ ತಿಳಿಯುವುದಿಲ್ಲ. ಶಾಲೆಯಲ್ಲಿ ಕಲಿಯುವ ಆ ಸನ್ನೆಗಳು ಅವರಿಗೆ ಹೇಗೆ ಬರಬೇಕು. ಆಮೇಲೆ ಎರಡು ಬೆರಳನ್ನು ಕಣ್ಣಿನಿಂದ ತಮ್ಮ ಎದೆಗೆ ತಂದರು. ಆಕೆ ನನ್ನನ್ನು ನೋಡಿ ಹೇಳುತ್ತಾಳೆ ಎಂದು ಅದರ ಅರ್ಥ. ಅಷ್ಟು ಸಾಕು ಎನ್ನುವ ಹಾಗೆ ಕಿಟಕಿಯ ಕಡೆ ತಿರುಗಿದರು.

ಮನೆಯಲ್ಲಿ ಅವ್ವ ಕುಂದರ್ರಿ ಎಂದು ಚಾಪೆ ಹಾಸಿದಳು. ಮಾಮಾ ಕೂರಲಿಲ್ಲ, ಡಿಶ್ ಎಲ್ಲಿ ಎಂದು ಸುತ್ತ ಹುಡುಕಿದರು. ಇಲ್ಲ, ಮೇಲೆ ಸಣ್ಣ ಆಂಟೆನಾ ಇದೆ ಎಂದು ತೋರಿಸಿದೆ. ಅವರು ನನ್ನನ್ನು ಮಳ್ಳನನ್ನು ನೋಡುವ ಹಾಗೆ ನೋಡಿದರು. ತಾವು ಕೈಯಾರೆ ತಿರುಗಿಸದೆ ಆಕೆ ಬರುವುದುಂಟೇ? ಹೊತ್ತಾಯಿತು. ಆಕೆ ಬಂದಳು. ಮಾಮಾ ಈ ಸಲ ಕೈ ಎತ್ತಲಿಲ್ಲ. ಆಕೆಯನ್ನು ನೋಡಿದರು, ಬೆಳ್ಳುಳ್ಳಿ ಸುಲಿಯುತ್ತ ಟಿವಿ ನೋಡುತ್ತಿದ್ದ ಅವ್ವನನ್ನು ನೋಡಿದರು, ಮತ್ತೆ ಆಕೆಯನ್ನು ನೋಡಿದರು. ಆಕೆ ತಮ್ಮೊಬ್ಬರಿಗಾಗಿ ನಮ್ಮ ಬೋಗಿಗೆ ಬರುತ್ತಾಳೆ ಎಂದು ಅವರು ನಂಬಿದ್ದರು. ಅದು ನನಗೆ ಆ ಗಳಿಗೆಯಲ್ಲಿ ತಿಳಿಯಿತು. ಕರೆದುಕೊಂಡು ಬಂದು ಎಂಥ ಕೆಲಸ ಮಾಡಿದೆ ಅನಿಸಿತು.

ವಾರ್ತೆ ಮುಗಿಯುವ ಮೊದಲೇ ಅವರು ಎದ್ದು ಮಾಳಿಗೆ ಹತ್ತಿದರು. ಹಿಂದೆ ಓಡಿದೆ. ಬಿಸಿಲಿನಲ್ಲಿ ಹಂಚಿನ ಮೇಲೆ, ಸ್ಲ್ಯಾಬಿನ ಮೇಲೆ, ಕಣ್ಣು ಹಾಯುವವರೆಗೆ ಆಂಟೆನಾಗಳು ನಿಂತಿದ್ದವು. ಮಾಮಾ ಪಕ್ಕದ ಮನೆಯದನ್ನು ತೋರಿಸಿ ಕೈ ಮುಗಿದು ಕೇಳಿದರು: ಅಲ್ಲಿಗೂ ಬರುತ್ತಾಳಾ? ಹೌದು ಎಂದೆ. ಅದರಾಚೆಯ ಮನೆಗೆ? ಹೌದು. ಅದಕ್ಕೆ? ಅದಕ್ಕೂ. ಹತ್ತು ಹನ್ನೆರಡು ಮನೆ ಹೀಗೇ ಕೇಳಿದರು. ಮುಖ ಬಾಡುತ್ತದೆ ಎಂದು ಕಾಯುತ್ತಿದ್ದೆ, ಬಾಡಲಿಲ್ಲ. ಯಾವುದೋ ಲೆಕ್ಕ ಕೂಡಿಸುತ್ತಿದ್ದವರ ಹಾಗೆ ಆ ಮನೆಗಳನ್ನು ಮತ್ತೊಮ್ಮೆ ನೋಡಿದರು. ಆಮೇಲೆ ತಮ್ಮ ಕಿವಿ ಮುಟ್ಟಿಕೊಂಡು, ಇಲ್ಲ ಎಂದು ಕೈ ಆಡಿಸಿ, ಎದೆ ಮುಟ್ಟಿಕೊಂಡು, ಆ ಮನೆಗಳ ಕಡೆಗೆ ಬೆರಳು ತೋರಿಸಿದರು. ನನ್ನಂಥವರು ಅಲ್ಲೆಲ್ಲ ಇದ್ದಾರಾ?

ಇರದಿದ್ದರೆ ಆಕೆ ಯಾಕೆ ಬರುತ್ತಾಳೆ, ಅವರ ತರ್ಕ ಸರಿಯಾಗಿಯೇ ಇತ್ತು. ನಾನು ಹೌದು ಎಂದು ತಲೆಯಾಡಿಸಿದೆ. ಮನುಷ್ಯನ ಮುಖ ಹಾಗೆ ಅರಳಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಧಡಧಡ ಮೆಟ್ಟಿಲಿಳಿದರು. ಅವ್ವ ತಾಟು ಇಟ್ಟು ಊಟಕ್ಕೆ ಕರೆಯುತ್ತಿದ್ದಳು, ನಿಲ್ಲಲಿಲ್ಲ. ಚಪ್ಪಲಿ ಮೆಟ್ಟಿ ಗಲ್ಲಿಗೆ ಇಳಿದು, ಅಂಗಿ ಎಳೆದು ಸರಿಮಾಡಿಕೊಂಡು ನನ್ನತ್ತ ತಿರುಗಿ ಹುಬ್ಬೇರಿಸಿದರು. ಯಾವ ಮನೆ?

ನಾನು ಆ ಗಲ್ಲಿಯಲ್ಲೇ ಹುಟ್ಟಿದವನು. ಯಾರ ಮನೆಯಲ್ಲಿ ಎಷ್ಟು ಮಕ್ಕಳು, ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋಗಿದ್ದಾಳೆ, ಯಾರ ನಾಯಿ ಕಚ್ಚುತ್ತದೆ, ಎಲ್ಲ ಗೊತ್ತು. ಎರಡೂ ಸಾಲಿನ ಮನೆಗಳನ್ನು ಒಂದೊಂದಾಗಿ ನೋಡುತ್ತ ಬಂದೆ. ಕಿವಿ ಕೇಳದವರು ಯಾವ ಬಾಗಿಲ ಹಿಂದೆ ಇದ್ದಾರೆಂದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ಯಾರನ್ನೂ ಕೇಳಿರಲಿಲ್ಲ. ಮಾಮಾ ಬಿಸಿಲಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು.