ಹಿಮದೂರಿನ ಗಂಜಿ, ಬೀಗ ಹಾಕಿದ ಬಸ್ಸು

ಯುಜಿನಿಯಾ ಖಾಲಿ ಬ್ರೆಡ್ಡಿನ ಚೀಲಗಳನ್ನು ಒಳಹೊರಗು ಮಾಡುತ್ತಿದ್ದಾರೆ. ಒಂದೊಂದನ್ನೂ ಸಿಂಕಿನ ಮೇಲೆ ಕೊಡವುತ್ತಾರೆ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ, ಆಮೇಲೆ ಬಾಯಿಟ್ಟು ಊದುತ್ತಾರೆ. ಗಾಳಿ ಸೋರಿದ್ದು ಕಸದ ಡಬ್ಬಿಗೆ, ಉಬ್ಬಿ ನಿಂತದ್ದು ಜೋಡಿ ಜೋಡಿಯಾಗಿ ಬುಟ್ಟಿಗೆ. ಮೆಲ್ಬರ್ನಿನ ಕ್ಲೇಟನ್ ಬಡಾವಣೆಯ ಬೀದಿಗೆ ಇನ್ನೂ ಬೆಳಕು ಬಂದಿಲ್ಲ. ಒಲೆಯ ಮೇಲೆ ಕುಚ್ಚಲಕ್ಕಿ ಗಂಜಿ ಕೊತಕೊತ ಕುದಿಯುತ್ತಿದೆ.

"ಇದು ಅಜ್ಜಿಯಂದಿರ ಕಾಲಿಗೆ ಆಂಟಿ," ಎಂದು ಒಂದು ಚೀಲವನ್ನು ಎತ್ತಿ ನನಗೆ ತೋರಿಸುತ್ತಾರೆ. "ಸಾಕ್ಸಿನ ಮೇಲೆ ಇದು, ಇದರ ಮೇಲೆ ಅವರದ್ದೇ ಶೂ. ಹಿಮದ ನೀರು ಒಳಗೆ ಬರುದಿಲ್ಲ. ಬೂಟು ಸಿಗುದು ಸ್ಕೀ ಮಾಡುವವರಿಗೆ ಮಾತ್ರ ಅಲ್ಲವಾ?"

ಹೌದು, ಅವರಿಗೆ ಮಾತ್ರ. ಮೆಲ್ಬರ್ನಿನಿಂದ ಚಳಿಗಾಲದ ಶನಿವಾರಗಳಲ್ಲಿ ಬೆಟ್ಟದ ಕಡೆಗೆ ಹೊರಡುವ ಕೋಚು ಬಸ್ಸುಗಳಲ್ಲಿ ನಮ್ಮವರು ಕುಟುಂಬ ಸಮೇತ ಹೋಗುತ್ತಾರೆ. ಮಗ, ಸೊಸೆ, ಮೊಮ್ಮಕ್ಕಳು ಮೇಲೆ ಜಾರಾಡುತ್ತಾರೆ. ಊರಿನಿಂದ ಬಂದ ಅಪ್ಪ ಅಮ್ಮನಿಗೂ ಟಿಕೆಟ್ ಬುಕ್ ಮಾಡಿರುತ್ತಾರೆ, ಒಮ್ಮೆ ಹಿಮ ನೋಡಲಿ ಎಂದು. ನೋಡುವುದು ಹತ್ತು ನಿಮಿಷದ ಕೆಲಸ. ಉಳಿದ ದಿನವೆಲ್ಲ ಆ ಹಿರಿಯರು ಎಲ್ಲಿರಬೇಕು, ಎಲ್ಲಿ ಕೂರಬೇಕು ಎಂದು ಬಸ್ಸಿನ ಕಂಪನಿಯವರು ಯಾವತ್ತೂ ಯೋಚಿಸಿದವರಲ್ಲ. ಯೋಚಿಸಿದವರು ಅದೇ ಬಸ್ಸಿನಲ್ಲಿ ಪ್ರಯಾಣಿಕರನ್ನು ನೋಡಿಕೊಳ್ಳುವ ಕೆಲಸಕ್ಕಿರುವ ಈ ಯುಜಿನಿಯಾ.

ಮಂಗಳೂರಿನ ಹತ್ತಿರದ ಕಿನ್ನಿಗೋಳಿಯವರು. ಗಂಡ ವಿಲ್ಫಿಗೆ ಸಿಡ್ನಿಯಲ್ಲಿ ಕೆಲಸ ಸಿಕ್ಕಿ ಇಬ್ಬರೂ ಬಂದರು. ಪೆಂಡಲ್ ಹಿಲ್ ಸ್ಟೇಷನ್ನಿನ ಪಕ್ಕದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಯುಜಿನಿಯಾ ಪಾತ್ರೆ ತೊಳೆದರು, ಆಮೇಲೆ ದೋಸೆ ಹೊಯ್ದರು. ವಿಲ್ಫಿಯ ಕೆಲಸ ಮೆಲ್ಬರ್ನಿಗೆ ಬದಲಾದಾಗ ಕ್ಲೇಟನ್ನಿಗೆ ಬಂದು ಬಾಡಿಗೆ ಮನೆ ಹಿಡಿದರು. ವಾರದ ದಿನಗಳಲ್ಲಿ ಆಸ್ಪತ್ರೆಯೊಂದರ ಅಡುಗೆಮನೆ, ಚಳಿಗಾಲದ ಶನಿವಾರ ಭಾನುವಾರ ಬಸ್ಸು. ಬ್ರೆಡ್ಡಿನ ಚೀಲಗಳು ಬರುವುದು ಆ ಅಡುಗೆಮನೆಯಿಂದಲೇ.

ಬಸ್ಸಿನಲ್ಲಿ ಅವರ ಕೆಲಸ ತಲೆ ಎಣಿಸುವುದು, ಕಸ ಹೆಕ್ಕುವುದು, ವಾಂತಿ ಮಾಡಿದವರಿಗೆ ಚೀಲ ಕೊಡುವುದು. ಗಂಜಿ ಕಾಯಿಸು ಎಂದು ಯಾರೂ ಹೇಳಿಲ್ಲ. ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲೇ ಡ್ರೈವರನ್ನು ಕೇಳಿಕೊಂಡು, ಬಸ್ಸು ಬೆಟ್ಟ ಹತ್ತುವ ಮೊದಲು ಕೆಳಗಿನ ಬ್ರೈಟ್ ಪಟ್ಟಣದಲ್ಲಿ ಹಿರಿಯರನ್ನು ಇಳಿಸಿಕೊಳ್ಳತೊಡಗಿದರು. ಸಂಜೆ ಬಸ್ಸು ಇಳಿದು ಬರುವಾಗ ಮತ್ತೆ ಹತ್ತಿಸುವುದು. ನಡುವಿನ ಹೊತ್ತನ್ನು ಹೇಗೆ ಕಳೆಯಬೇಕೆಂಬುದನ್ನು ನಿಧಾನವಾಗಿ ಅವರೇ ಕಂಡುಕೊಂಡರು.

ನಾನೂ ಆ ಗುಂಪಿನಲ್ಲಿ ನಡೆದಿದ್ದೇನೆ, ನನ್ನ ಕಾಲಿಗೂ ಬ್ರೆಡ್ಡಿನ ಚೀಲ ಏರಿದೆ. ಮೊದಲು ಹೊಳೆಯ ದಂಡೆ. ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿ ಕಾಲಿಟ್ಟಲ್ಲೆಲ್ಲ ಹಪ್ಪಳ ಮುರಿದ ಸದ್ದು. ಎಲೆ ಉದುರಿದ ಮರಗಳ ನಡುವೆ ದೂರದ ಬಿಳಿ ಬೆಟ್ಟ. ಬಿಸಿಲು ಬೀಳುವ ಬೆಂಚು ಯಾವ ಹೊತ್ತಿಗೆ ಯಾವುದು ಎಂದು ಯುಜಿನಿಯಾಗೆ ಗೊತ್ತು. ಅಲ್ಲಿ ಕೂರಿಸಿ ಫ್ಲಾಸ್ಕಿನಿಂದ ಗಂಜಿ, ಮೇಲೆ ಒಂದು ಚೂರು ಮಾವಿನ ಉಪ್ಪಿನಕಾಯಿ. ಆಮೇಲೆ ಉಣ್ಣೆಯ ಅಂಗಡಿ, ಅಲ್ಲಿನ ಹೀಟರಿನ ಎದುರು ಸ್ವಲ್ಪ ಹೊತ್ತು. ಕೊನೆಗೆ ಅಂಚೆ ಕಚೇರಿಯ ಮುಂದಿನ ಕೆಂಪು ಪೆಟ್ಟಿಗೆ. ಪ್ರತಿಯೊಬ್ಬರೂ ಊರಿಗೆ ಒಂದು ಚಿತ್ರದ ಕಾರ್ಡು ಬರೆದು ತಮ್ಮ ಕೈಯಿಂದಲೇ ಹಾಕಬೇಕು, ಅದು ಯುಜಿನಿಯಾ ಮಾಡಿದ ಪದ್ಧತಿ. ಮೈಸೂರಿನ ಶ್ರೀಕಂಠಯ್ಯನವರು ಒಮ್ಮೆ ತಮ್ಮ ಹೆಸರಿಗೇ ಕಾರ್ಡು ಹಾಕಿಕೊಂಡರಂತೆ. ತಾವು ಮನೆ ಸೇರುವ ಹೊತ್ತಿಗೆ ಇಲ್ಲಿಗೆ ಬಂದದ್ದನ್ನು ಯಾರಾದರೂ ನೆನಪಿಸಬೇಕಲ್ಲ ಎಂದು.

ಸ್ಕೀ ಮಾಡದೆ ಹಿಮದೂರನ್ನು ಸವಿಯುವುದೆಂದರೆ ಇಷ್ಟೇ. ಇದಕ್ಕೆ ಕಂಪನಿಯವರಿಂದ ಬೇಕಾದದ್ದು ಒಂದು ನಿಲುಗಡೆ ಮತ್ತು ಒಂದು ತೆರೆದ ಬಾಗಿಲು.

ಕಳೆದ ಆಗಸ್ಟಿನ ಒಂದು ಶನಿವಾರ ಎರಡೂ ಇರಲಿಲ್ಲ. ಹೊಸ ಸೂಪರ್‌ವೈಸರ್ ಬಂದಿದ್ದ. ಪಟ್ಟಣದಲ್ಲಿ ನಿಲ್ಲಿಸಿದರೆ ಸ್ಕೀ ಮಾಡುವವರ ಹೊತ್ತು ಹಾಳು ಎಂದು ಎಲ್ಲರನ್ನೂ ನೇರ ಮೇಲಕ್ಕೇ ಒಯ್ದರು. ಮೇಲೆ ಬಸ್ಸು ನಿಂತ ಕೂಡಲೇ ಬಾಗಿಲಿಗೆ ಬೀಗ. ಸಂಜೆಯ ತನಕ ಯಾರಿಗೂ ತೆರೆಯಬಾರದು ಎಂಬುದು ಕಂಪನಿಯ ನಿಯಮ, ಒಳಗೆ ಜನರ ಸಾಮಾನು ಇರುತ್ತದೆ ಎಂಬ ಕಾರಣಕ್ಕೆ. ಸಾಮಾನು ಬೆಚ್ಚಗೆ ಒಳಗೆ, ಮುದುಕರು ಗಾಳಿಯಲ್ಲಿ ಹೊರಗೆ.

ಆ ಹಿರಿಯರಲ್ಲಿ ಧಾರವಾಡದ ಬಸಕ್ಕ ಇದ್ದರು. ಮಗಳು ಸಂಧ್ಯಾರಾಣಿಯ ಬಾಣಂತನಕ್ಕೆ ಬಂದವರು. ಮಗಳು ಅಳಿಯ ಮಕ್ಕಳನ್ನು ಕರೆದುಕೊಂಡು ಜಾರುಬಂಡಿಯ ಕಡೆ ಹೋಗಿದ್ದರು. ಮಧ್ಯಾಹ್ನದ ಹೊತ್ತಿಗೆ ಬಸಕ್ಕ ಬೀಗ ಹಾಕಿದ ಬಾಗಿಲಿಗೆ ಒರಗಿ ಕೆಸರುಹಿಮದಲ್ಲೇ ಕುಸಿದು ಕೂತರು. ಯುಜಿನಿಯಾ ಓಡಿ ಹೋಗಿ ಡ್ರೈವರನ್ನು ಕೀಲಿ ಕೇಳಿದರು. ಡ್ರೈವರ್ ಸೂಪರ್‌ವೈಸರನಿಗೆ ಫೋನು ಮಾಡಿದ. ಬೇಡ ಎಂಬ ಉತ್ತರ ಬಂತು. ಕೊನೆಗೆ ಯುಜಿನಿಯಾ ಬಸಕ್ಕನನ್ನು ಹೆಗಲಿಗೆ ಹಾಕಿಕೊಂಡು ಹೆಂಗಸರ ಟಾಯ್ಲೆಟ್ಟಿಗೆ ಒಯ್ದರು.

"ಅಲ್ಲಿ ಕೈ ಒಣಗಿಸುವ ಮಶೀನು ಉಂಟಲ್ಲ, ಅದರ ಕೆಳಗೆ ಅಜ್ಜಿಯ ಕಾಲು ಹಿಡಿದದ್ದು," ಎನ್ನುತ್ತಾರೆ. "ಅದು ಅರ್ಧ ನಿಮಿಷಕ್ಕೆ ನಿಲ್ತದೆ. ಮತ್ತೆ ಒತ್ತುದು, ಮತ್ತೆ ಒತ್ತುದು. ಬಂದವರೆಲ್ಲ ನಮ್ಮನ್ನು ನೋಡಿ ಕೈ ಒದ್ದೆ ಇಟ್ಟುಕೊಂಡೇ ಹೋದ್ರು."

ಸಂಜೆ ಕಂಪನಿಯ ವರದಿಯಲ್ಲಿ ಬರೆದದ್ದೇನು ಗೊತ್ತೇ? ಸರಿಯಾದ ಪಾದರಕ್ಷೆ ಇಲ್ಲದ ಪ್ರಯಾಣಿಕರೊಬ್ಬರು ಗುಂಪು ಬಿಟ್ಟು ಅಲೆದಾಡಿ ಅಸ್ವಸ್ಥರಾದರು ಎಂದು. ಬಸ್ಸಿನ ಬಾಗಿಲು ಬಿಟ್ಟು ಅಲ್ಲಾಡದ ಬಸಕ್ಕ ಅಲೆದಾಡಿದರಂತೆ.

ಯುಜಿನಿಯಾ ಅದೇ ವಾರ ನಡೆದದ್ದನ್ನೆಲ್ಲ ಕಾಗದದಲ್ಲಿ ಬರೆದರು. ಬಾಗಿಲು ತೆರೆದಿಡಬೇಕು ಎಂದು ಕೊನೆಯಲ್ಲಿ ಕೇಳಿಕೊಂಡು, ನಾರ್ತ್ ಸಿಡ್ನಿಯ ಹೆಡ್ ಆಫೀಸಿನ ವಿಳಾಸ ಹಾಕಿ, ಸ್ಟಾಂಪು ಅಂಟಿಸಿದರು. ಅಷ್ಟರಲ್ಲಿ ವಿಲ್ಫಿ ತಡೆದರು. ಇಲ್ಲೇ ಕಾಯಂ ನೆಲೆಸಲು ಹಾಕಿದ ಪಿಆರ್ ಫೈಲು ಇನ್ನೂ ಸರಕಾರದ ಒಳಗೆ ಉಂಟು, ಅದು ಬರುವ ತನಕ ಯಾವ ಆಫೀಸಿಗೂ ಕಂಪ್ಲೇಂಟ್ ಬೇಡ ಎಂದರು. ಸಂಧ್ಯಾರಾಣಿಯನ್ನು ಕೇಳಿದರೆ ಅವರದ್ದೂ ಅದೇ ಮಾತು. ನಮ್ಮದೂ ಅಪ್ಲೈ ಮಾಡಿದೆ, ಅಮ್ಮನ ಹೆಸರು ಎಲ್ಲೂ ಬರುವುದು ಬೇಡ, ಪ್ಲೀಸ್.

ಬಸ್ ಕಂಪನಿಗೂ ಪಿಆರಿಗೂ ಏನು ಸಂಬಂಧ? ಯಾವ ಕಾನೂನಿನಲ್ಲಿ ಹಾಗಿದೆ? ನಾನು ಕೇಳಿದವರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಪೆಂಡಲ್ ಹಿಲ್ಲಿನಲ್ಲಿ ಯಾರೋ ಹೇಳಿದರು, ಚರ್ಚಿನಲ್ಲಿ ಯಾರೋ ಹೇಳಿದರು, ಅಷ್ಟೇ. ಓದಿದವರೂ ನಂಬುತ್ತಾರೆ. ನಾವು ಹೀಗೆ ಬಾಯಿ ಮುಚ್ಚಿಕೊಂಡಿರುವುದನ್ನು ಕಂಪನಿಯವರು ನಮ್ಮ ಒಳ್ಳೆಯ ಗುಣ ಎಂದು ಹೊಗಳುತ್ತಾರೆ. ಕಾಗದ ಮಾತ್ರ ಯುಜಿನಿಯಾರ ಕೋಟಿನ ಒಳಜೇಬಿನಲ್ಲಿ ಉಳಿಯಿತು. ಪಟ್ಟಣದಲ್ಲಿ ಮತ್ತೆ ನಿಲ್ಲಿಸತೊಡಗಿದ ಮೇಲೆ ಪ್ರತಿ ಸಲ ಆ ಕೆಂಪು ಪೆಟ್ಟಿಗೆಯ ಮುಂದೆ ನಿಂತು ಎಲ್ಲರ ಕಾರ್ಡು ಹಾಕಿಸಿ, ತಮ್ಮ ಜೇಬು ಮುಟ್ಟಿಕೊಂಡು ವಾಪಸಾಗುತ್ತಿದ್ದರು.

ಈ ವರ್ಷ ಕಂಪನಿಯವರು ಹೊಸ ಕರಪತ್ರ ಅಚ್ಚು ಹಾಕಿಸಿದ್ದಾರೆ. ಸ್ಕೀ ಮಾಡದವರಿಗೂ ಚಳಿಗಾಲದ ಸೊಗಸು ಎಂಬ ತಲೆಬರಹ. ಹೊಳೆಯ ದಂಡೆ ಇದೆ, ಉಣ್ಣೆಯ ಅಂಗಡಿ ಇದೆ, ಅಂಚೆ ಪೆಟ್ಟಿಗೆಯೂ ಇದೆ. ಒಂದು ಫೋಟೋದಲ್ಲಿ ಗಂಜಿ ಸುರಿಯುತ್ತಿರುವ ಕೈ ಇದೆ, ಮಣಿಕಟ್ಟಿನಿಂದ ಮೇಲೆ ಕತ್ತರಿಸಿದ್ದಾರೆ. ಅಡಿಯಲ್ಲಿ ಬಿಸಿ ಸೂಪು ಎಂದು ಬರೆದಿದ್ದಾರೆ. ಯುಜಿನಿಯಾರಿಗೆ ಕೋಪ ಬಂದದ್ದು ತಮ್ಮ ಮುಖ ಕತ್ತರಿಸಿದ್ದಕ್ಕಲ್ಲ. "ಸೂಪು ಅಂತೆ. ನನ್ನ ಅಮ್ಮ ಕೇಳಿದ್ರೆ ಸೌಟು ಹಿಡ್ಕೊಂಡು ಬರ್ತಾರೆ."

ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿದೆ. ತಡವಾದ ದಿನ ಪಟ್ಟಣದಲ್ಲಿ ನಿಲ್ಲಿಸಲಾಗುವುದಿಲ್ಲ. ಅಂದರೆ ಆ ದಿನ ಮತ್ತೆ ಮೇಲೆ, ಮತ್ತೆ ಬೀಗ. ಜೊತೆಗೆ ಯುಜಿನಿಯಾರ ಕೈಗೆ ಒಂದು ಚೀಟಿ ಕೊಟ್ಟಿದ್ದಾರೆ. ಹೊರಗೆ ಇರುವುದು ಹಿರಿಯರ ಸ್ವಂತ ಆಯ್ಕೆ, ಏನಾದರೂ ಆದರೆ ಅವರದ್ದೇ ಜವಾಬ್ದಾರಿ ಎಂದು ಬಸ್ಸಿನ ಮೈಕಿನಲ್ಲಿ ಓದಬೇಕು. ಇಂಗ್ಲಿಷಿನಲ್ಲಿ ಬೇಡ, ಅವರದ್ದೇ ಭಾಷೆಯಲ್ಲಿ ಹೇಳಬೇಕು. ಇಷ್ಟು ವರ್ಷ ಇವರ ಕನ್ನಡ ಕಂಪನಿಗೆ ಬೇಕಾಗಿರಲಿಲ್ಲ.

ಹೆಡ್ ಆಫೀಸಿಗೆ ನಾನು ಫೋನು ಮಾಡಿದೆ. ಬಹಳ ಮರ್ಯಾದೆಯಿಂದ ಮಾತಾಡಿದರು. ತಮ್ಮದು ಮೂಲತಃ ಸ್ಕೀ ಪ್ರವಾಸ, ಸ್ಕೀ ಮಾಡದವರು ಯಾಕೆ ಬರುತ್ತಾರೆಂದು ತಮಗೂ ಅರ್ಥವಾಗಿಲ್ಲ ಎಂದರು. ಹಾಗಾದರೆ ಕರಪತ್ರ ಯಾರಿಗೆ ಎಂದು ಕೇಳಿದೆ. ಅದು ಬೇರೆ ವಿಭಾಗ ಎಂದರು.

ಇಂದು ಶನಿವಾರ. ಬಸ್ಸು ತುಂಬಿದೆ. ಮುಂದಿನ ಸೀಟಿನಲ್ಲಿ ಮಂಕಿಕ್ಯಾಪಿನ ಬಸಕ್ಕ ಇದ್ದಾರೆ, ಮುಂದಿನ ತಿಂಗಳು ಧಾರವಾಡಕ್ಕೆ ಹೊರಡುವ ಮೊದಲು ಕಳೆದ ಸಲ ತಪ್ಪಿಹೋದ ಆ ಹೊಳೆಯ ದಂಡೆಯನ್ನು ಒಮ್ಮೆ ನೋಡಬೇಕೆಂದು ಹಟ ಹಿಡಿದು ಒಬ್ಬರೇ ಬಂದಿದ್ದಾರೆ. ಯುಜಿನಿಯಾ ಮೈಕು ಕೈಗೆತ್ತಿಕೊಳ್ಳುತ್ತಾರೆ. ಚೀಟಿಯನ್ನು ನೋಡುತ್ತಾರೆ, ಮಡಚುತ್ತಾರೆ.

"ತಡವಾದ್ರೆ ಬಸ್ಸು ನೇರ ಮೇಲೆ ಹೋಗ್ತದೆ. ಅಲ್ಲಿ ಬಾಗಿಲಿಗೆ ಬೀಗ ಹಾಕ್ತಾರೆ, ಚಳಿಯಾದ್ರೆ ಒಳಗೆ ಬರ್ಲಿಕ್ಕೆ ಆಗುದಿಲ್ಲ. ಅದು ನಿಮ್ಮ ಆಯ್ಕೆ ಅಂತ ಹೇಳ್ಲಿಕ್ಕೆ ನನಗೆ ಹೇಳಿದ್ದಾರೆ. ನಾನು ಹಾಗೆ ಹೇಳುದಿಲ್ಲ."

ಡ್ರೈವರನಿಗೆ ಕನ್ನಡ ಬರುವುದಿಲ್ಲ, ಆದರೂ ಕನ್ನಡಿಯಲ್ಲಿ ಒಮ್ಮೆ ನೋಡುತ್ತಾನೆ.

ಅದೃಷ್ಟಕ್ಕೆ ಬಸ್ಸು ಹೊತ್ತಿಗೆ ಸರಿಯಾಗಿ ತಲುಪಿ ಬ್ರೈಟಿನಲ್ಲಿ ನಿಲ್ಲುತ್ತದೆ. ಬಿಸಿಲಿನ ಬೆಂಚಿನ ಮೇಲೆ ಗಂಜಿ ಕುಡಿಯುತ್ತ ಬಸಕ್ಕ ಬಾಯಿಯಿಂದ ಆವಿ ಬಿಟ್ಟು, ನೋಡ್ರಿ ಚುಟ್ಟಾ ಸೇದಿದಂಗ ಆತು ಎಂದು ನಗಿಸುತ್ತಾರೆ. ಆಮೇಲೆ ಯುಜಿನಿಯಾರ ಕಡೆ ತಿರುಗಿ, ಹಿಂಗ ಮೈಕಿನ್ಯಾಗ ಹೇಳಿದರ ಮುಗೀತೇನು, ಬರದು ಕೇಳಬಾರದೇನು ಎನ್ನುತ್ತಾರೆ. ಆಗ ಯುಜಿನಿಯಾ ಒಳಜೇಬಿನಿಂದ ಆ ಕಾಗದ ತೆಗೆಯುತ್ತಾರೆ. ಅಂಚುಗಳು ಸವೆದಿವೆ. ವಿಲ್ಫಿ ಹೇಳಿದ್ದು, ಸಂಧ್ಯಾರಾಣಿ ಹೇಳಿದ್ದು ಎಲ್ಲವನ್ನೂ ಹೇಳುತ್ತಾರೆ. ಹೇಗೂ ನಿಮ್ಮ ಹೆಸರು ಹಾಕದೆ ಒಬ್ಬ ವೃದ್ಧೆ ಎಂದಷ್ಟೇ ಬರೆದಿದ್ದೇನೆ ಅಜ್ಜಿ ಎನ್ನುತ್ತಾರೆ.

ಬಸಕ್ಕ ಗಂಜಿಯ ಲೋಟ ಬೆಂಚಿನ ಮೇಲೆ ಇಡುತ್ತಾರೆ.

"ಒಬ್ಬ ಮುದುಕಿ ಅಂತ ಬರದೀಯೇನವಾ? ನನಗ ಹೆಸರಿಲ್ಲೇನು? ನಾ ಏನ್ ಪಿಆರ್ ಕೇಳಾಕ ಬಂದೇನೇನು ಇಲ್ಲಿ? ಕೂತಾಕಿ ನಾನು, ಕಾಲು ಸೆಟದದ್ದು ನಂದು. ತಾ ಇಲ್ಲಿ ಪೆನ್ನು."

ಮಗಳು ಸಿಟ್ಟಾಗಬಹುದು ಎಂದು ಯುಜಿನಿಯಾ ಮೆಲ್ಲಗೆ ನೆನಪಿಸುತ್ತಾರೆ. ಆಗಲಿ, ಆಕಿನ್ನ ಹಡದಾಕಿ ನಾನಽ ಅಲ್ಲೇನು ಎಂದು ಬಸಕ್ಕ ಲಕೋಟೆಯನ್ನು ತಾವೇ ಬಿಡಿಸುತ್ತಾರೆ. ಕಾಗದವನ್ನು ತೊಡೆಯ ಮೇಲೆ ಹರಡಿ, ಇಂಗ್ಲಿಷ್ ಸಾಲುಗಳ ಕೆಳಗೆ ದಪ್ಪ ಕನ್ನಡ ಅಕ್ಷರದಲ್ಲಿ ತಮ್ಮ ಹೆಸರು, ಅದರ ಕೆಳಗೆ ಧಾರವಾಡ ಎಂದು ಬರೆಯುತ್ತಾರೆ. ಉಣ್ಣೆಯ ಅಂಗಡಿಯಲ್ಲಿ ಒಂದು ಹೊಸ ಲಕೋಟೆ ಕೇಳಿ ಪಡೆಯುತ್ತೇವೆ. ಹಳೆಯ ಸ್ಟಾಂಪನ್ನು ಯುಜಿನಿಯಾ ಬಾಯಿಯ ಆವಿಯಿಂದಲೇ ಬಿಡಿಸಲು ನೋಡುತ್ತಾರೆ, ಅದು ಹರಿಯುತ್ತದೆ. ಬಸಕ್ಕ ಊರಿನಲ್ಲಿರುವ ಮೊಮ್ಮಗಳ ಕಾರ್ಡಿಗೆಂದು ಇಟ್ಟಿದ್ದ ಸ್ಟಾಂಪು ಕೊಡುತ್ತಾರೆ.

ಕೆಲಸ ಹೋದರೆ ಏನು ಮಾಡುತ್ತೀರಿ ಎಂದು ದಾರಿಯಲ್ಲಿ ನಾನು ಕೇಳುತ್ತೇನೆ. ಯುಜಿನಿಯಾ ಲಕೋಟೆಯ ಅಂಚನ್ನು ಬೆರಳಿನಿಂದ ಒತ್ತಿ ಅಂಟಿಸುತ್ತಾರೆ.

"ವಿಲ್ಫಿಗೆ ಇವತ್ತು ರಾತ್ರಿ ಹೇಳ್ಬೇಕು, ಅದೇ ದೊಡ್ಡದು. ನನಗೆ ಫೋಟೋ ಬೇಡ ಆಂಟಿ, ಹೆಸರೂ ಬೇಡ. ಬಾಗಿಲು ತೆರೆದು ಇಡ್ಲಿ. ಗಂಜಿ ಯಾರು ಬೇಕಾದ್ರೂ ಮಾಡ್ಬಹುದು."

ಕೆಂಪು ಪೆಟ್ಟಿಗೆಯ ಮುಂದೆ ಎಲ್ಲರೂ ಸಾಲು ನಿಲ್ಲುತ್ತಾರೆ. ಒಬ್ಬೊಬ್ಬರೇ ಕಾರ್ಡು ಹಾಕುತ್ತಾರೆ. ಸ್ಟಾಂಪಿಲ್ಲದ ತಮ್ಮ ಕಾರ್ಡನ್ನು ಸೆರಗಿಗೆ ಸಿಕ್ಕಿಸಿಕೊಂಡು ಬಸಕ್ಕ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಕೊನೆಯವರು ಯುಜಿನಿಯಾ. ಇವತ್ತು ಜೇಬು ಮುಟ್ಟಿಕೊಳ್ಳುವುದಿಲ್ಲ. ಲಕೋಟೆಯನ್ನು ಪೆಟ್ಟಿಗೆಯ ಬಾಯೊಳಗೆ ತಳ್ಳಿ, ಎಲ್ಲಾದರೂ ಸಿಕ್ಕಿಕೊಂಡಿತೋ ಎಂದು ಬೆರಳು ಹಾಕಿ ನೋಡುತ್ತಾರೆ. ಕಾಗದ ಒಳಗೆ ಬಿದ್ದಿದೆ.