ಬೂದು ಕೋಳಿಯ ಮೇವುಚೀಲ

ನಮ್ಮತ್ತೆ ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿತ್ತಲಿನಲ್ಲಿ ಕೋಳಿಗೂಡು. ಇವೆರಡರ ನಡುವೆ ಓಡಾಡುತ್ತಲೇ ಅವರ ಅರ್ಧ ಆಯುಷ್ಯ ಕಳೆದಿದೆ. ಸೂಜಿಯಲ್ಲಿ ಯಾವಾಗಲೂ ಗೇಣುದ್ದ ದಾರ ಉಳಿಸಿಯೇ ಇಡುವುದು ಅವರ ಪದ್ಧತಿ. ಕೆಳಗೆ ಬಿದ್ದರೂ ದಾರ ಕಣ್ಣಿಗೆ ಬೀಳುತ್ತದೆ, ಸೂಜಿ ಸಿಗುತ್ತದೆ. ತಮ್ಮ ಕೈಯಿಂದ ಈವರೆಗೆ ಒಂದು ಸೂಜಿಯೂ ಕಳೆದಿಲ್ಲ ಎಂದು, ಕೂಸಿನ ಬಟ್ಟೆ ಹೊಲಿಸಲು ಬರುವ ತಾಯಂದಿರ ಮುಂದೆ ಅವರು ಕೊಚ್ಚಿಕೊಳ್ಳುವುದನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ.

ಕೋಳಿಗಳ ವಿಷಯದಲ್ಲೂ ಅಷ್ಟೇ ಕಟ್ಟುನಿಟ್ಟು. ಬೆಳಿಗ್ಗೆ ಗೂಡಿನ ಬಾಗಿಲು ತೆರೆದೊಡನೆ ಒಂದೊಂದನ್ನೂ ಎತ್ತಿಕೊಂಡು, ಕತ್ತಿನ ಬುಡದಲ್ಲಿರುವ ಮೇವುಚೀಲವನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ. ಸಂಜೆ ತಿಂದದ್ದು ಬೆಳಗಾಗುವಷ್ಟರಲ್ಲಿ ಇಳಿದು ಚೀಲ ಖಾಲಿಯಾಗಿರಬೇಕು. ನೀರಿನ ಬಟ್ಟಲನ್ನು ದಿನವೂ ತಿಕ್ಕಬೇಕು, ಗೂಡಿನ ಹೊಟ್ಟು ಒದ್ದೆಯಾದರೆ ಆಗಲೇ ಬದಲಿಸಬೇಕು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ನನ್ನ ಊಟ ಕೇಳುವ ಮೊದಲು ಕೋಳಿಗಳ ಊಟ ವಿಚಾರಿಸುತ್ತಿದ್ದರು. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಆ ಬೆಳಿಗ್ಗೆ ಬೂದು ಕೋಳಿಯ ಚೀಲ ಖಾಲಿಯಾಗಿರಲಿಲ್ಲ. ಕಲಸಿಟ್ಟ ಹಿಟ್ಟಿನ ಉಂಡೆಯಂತೆ ಊದಿಕೊಂಡಿತ್ತು. ರೆಕ್ಕೆ ಜೋತುಬಿದ್ದಿತ್ತು, ಜುಟ್ಟು ಬಿಳಿಚಿಕೊಂಡಿತ್ತು, ಹಿಕ್ಕೆ ಹಸಿರಾಗಿತ್ತು. ಮತ್ತೆ ಮತ್ತೆ ಕತ್ತು ಚಾಚಿ ಬಾಯಿ ತೆರೆಯುತ್ತಿತ್ತು. ಅತ್ತೆ ಅದನ್ನು ಉಳಿದವುಗಳಿಂದ ಬೇರೆ ಮಾಡಿ ಬುಟ್ಟಿಯಲ್ಲಿಟ್ಟರು. ಮೇವು ಕೊಡಲಿಲ್ಲ, ನೀರಷ್ಟೇ.

ಪಕ್ಕದ ಮನೆಯಲ್ಲಿರುವುದು ಮಾವನ ತಂಗಿ, ನನ್ನ ಸಣ್ಣತ್ತೆ. ಎರಡು ಮನೆಗೂ ಹಿತ್ತಲು ಒಂದೇ, ಗೂಡೂ ಒಂದೇ. ಅತ್ತಿಗೆ ನಾದಿನಿಯರದು ಮಾತ್ರ ಎಣ್ಣೆ ಸೀಗೆಕಾಯಿ ಸಂಬಂಧ. ಅತ್ತೆಯ ಒಂದೇ ಒಂದು ತಪ್ಪು ಸಿಗಲಿ ಎಂದು ಸಣ್ಣತ್ತೆ ಕಾದು ಕುಳಿತಿರುವುದು ಇಡೀ ಬೀದಿಗೇ ಗೊತ್ತು. ಅವರು ಹಸಿರು ಹಿಕ್ಕೆ ನೋಡಿ ಹೌಹಾರಿದರು. ಹಿಂದೊಮ್ಮೆ ಹೀಗೇ ಒಂದು ಕೋಳಿ ತೂಕಡಿಸಿದಾಗ, ನೋಡೋಣ ನೋಡೋಣ ಎಂದು ಸುಮ್ಮನಿದ್ದು, ಬೀದಿಯ ಗೂಡುಗಳೆಲ್ಲ ಬರಿದಾಗಿದ್ದವು. ಅವರ ಹೆದರಿಕೆ ನಾಟಕವಲ್ಲ. ಕಾಯಿಲೆಯ ಕೋಳಿಗಳನ್ನು ಕೊಂದು ಸುಣ್ಣ ಹಾಕಿ ಹೂಳುವವನಿಗೆ ಆಗಲೇ ಫೋನ್ ಮಾಡಿಬಿಟ್ಟಿದ್ದರು. ಮಧ್ಯಾಹ್ನ ಬಂದು ಇಡೀ ಗೂಡನ್ನೇ ಮುಗಿಸುತ್ತಾನಂತೆ.

“ಒಂದಕ್ಕೆ ಬಂದಿದ್ದು ಎಲ್ಲಕ್ಕೂ ಬರುತ್ತೆ ಅತ್ತಿಗೆ. ರೋಗ ಅಲ್ಲ ಅಂತ ಡಾಕ್ಟ್ರು ಹೇಳಿದ್ರೆ ಮಾತ್ರ ಅವನನ್ನ ಬೇಡ ಅಂತೀನಿ.”

ಅತ್ತೆ ಬುಟ್ಟಿಗೆ ಬಟ್ಟೆ ಮುಚ್ಚಿದರು. ಮರಿಗಳಾಗಿದ್ದಾಗಿನಿಂದ ಬಲ್ಬಿನ ಕಾವಿನಲ್ಲಿಟ್ಟು ಕಾಪಾಡಿದ ಹಿಂಡು ಅದು. ಬುಟ್ಟಿ ಎತ್ತಿಕೊಂಡು ಪಶುವೈದ್ಯರ ಬಳಿ ಹೊರಟೆವು. ಸಣ್ಣತ್ತೆಯನ್ನು ಯಾರೂ ಕರೆದಿರಲಿಲ್ಲ. ಡಾಕ್ಟರ ಮಾತನ್ನು ತಮ್ಮ ಕಿವಿಯಿಂದಲೇ ಕೇಳಬೇಕೆಂದು ಹಠ ಹಿಡಿದು ಬಂದರು.

ಫಿನಾಯಿಲ್ ವಾಸನೆಯ ಕೋಣೆ, ಸ್ಟೀಲಿನ ಮೇಜು. ಡಾಕ್ಟರು ಚೀಲವನ್ನು ಮೃದುವಾಗಿ ಒತ್ತಿ ನೋಡಿದರು, ಕೊಕ್ಕು ಬಿಡಿಸಿ ಟಾರ್ಚ್ ಹಾಕಿದರು. ನಾಲಿಗೆಯ ಬುಡಕ್ಕೆ ನೀಲಿ ದಾರ ಸುತ್ತಿಕೊಂಡಿತ್ತು. ಒಂದು ಎಳೆ ಗಂಟಲಿಗೆ ಇಳಿದಿತ್ತು. ಹುಳುವೆಂದು ನುಂಗಿರಬೇಕು ಎಂದರು. ನನಗೆ ಹೋದ ಜೀವ ಬಂದಂತಾಯಿತು. ಆದರೆ ಚೀಲ ಊದಿರುವುದು ಬರೀ ದಾರದಿಂದಲೋ, ಬೇರೆ ಕಾಯಿಲೆಯೂ ಇದೆಯೋ, ಈಗಲೇ ಹೇಳಲಾಗದು ಎಂದು ಅವರೇ ಅಂದರು. ಸಣ್ಣತ್ತೆ ಗೋಡೆಯ ಗಡಿಯಾರ ನೋಡಿದರು. ದಾರದ ಜೊತೆ ಸೂಜಿಯೇನಾದರೂ ಹೋಗಿರಬಹುದೇ ಎಂದು ಡಾಕ್ಟರು ಕೇಳಿದರು.

ಸಾಧ್ಯವೇ ಇಲ್ಲ, ತಮ್ಮ ಕೋಣೆಯಿಂದ ಸೂಜಿ ಹೊರಗೆ ಹೋಗುವುದಿಲ್ಲ ಎಂದರು ಅತ್ತೆ. ಹಾಗಾದರೆ ಎಣ್ಣೆ ಬಿಟ್ಟು ಮೆಲ್ಲಗೆ ಎಳೆದು ತೆಗೆಯಬಹುದು ಎಂದು ಡಾಕ್ಟರು ಚಿಮಟ ತೆಗೆದುಕೊಂಡರು.

ಆ ನೀಲಿ ದಾರದ ಗುರುತು ನನಗೆ ಸಿಕ್ಕಿತು. ಮೊನ್ನೆ ಸಂಜೆ ಕರೆಂಟ್ ಹೋದಾಗ ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಶಾಲೆಯ ನೀಲಿ ಅಂಗಿಗೆ ಗುಂಡಿ ಹಾಕುತ್ತಿದ್ದರು. ಆಮೇಲೆ ಅಯಸ್ಕಾಂತ ಹಿಡಿದು ನೆಲ ಸವರುತ್ತಿದ್ದರು. ಏನು ಹುಡುಕುತ್ತಿದ್ದೀರಿ ಎಂದು ಕೇಳಿದ್ದಕ್ಕೆ ಗುಂಡಿ ಎಂದಿದ್ದರು. ಪ್ಲಾಸ್ಟಿಕ್ ಗುಂಡಿಯನ್ನು ಅಯಸ್ಕಾಂತದಲ್ಲಿ ಹುಡುಕುವವರನ್ನು ನಾನು ಎಲ್ಲೂ ಕಂಡಿಲ್ಲ.

ನಾನು ಅತ್ತೆಯ ಮುಖ ನೋಡಿದೆ. ಅವರು ಸಣ್ಣತ್ತೆಯ ಮುಖ ನೋಡುತ್ತಿದ್ದರು. ಇಷ್ಟು ವರ್ಷದ ಜಂಬ ಈ ಕೋಣೆಯಲ್ಲಿ, ಈ ನಾದಿನಿಯ ಎದುರಿಗೇ ಮಣ್ಣುಪಾಲಾಗಬೇಕು. ಚಿಮಟ ದಾರದ ತುದಿ ಹಿಡಿಯಿತು. ಇನ್ನು ತಡೆಯಲಾರೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಡಾಕ್ಟರ ಮಣಿಕಟ್ಟು ಹಿಡಿದುಕೊಂಡರು.

“ಎಳೀಬೇಡಿ. ಅದರ ತುದೀಲಿ ಸೂಜಿ ಇದೆ. ನಂದೇ ಸೂಜಿ, ನನ್ನ ಕೈಯಿಂದಾನೇ ಬಿದ್ದಿದ್ದು.”

ಡಾಕ್ಟರು ಬೈಯಲಿಲ್ಲ. ದಾರ ಬಿಟ್ಟು, ಎಕ್ಸ್‌ರೇ ತೆಗೆದರು. ಸೂಜಿ ಚೀಲದ ಬಾಯಿಗೆ ಅಡ್ಡಲಾಗಿ ನಿಂತಿತ್ತು. ಎಳೆದಿದ್ದರೆ ಗಂಟಲು ಸೀಳುತ್ತಿತ್ತಂತೆ. ಚೀಲ ಕೊಯ್ದೇ ತೆಗೆಯಬೇಕು, ಬದುಕುತ್ತದೆಂದು ಮಾತು ಕೊಡಲಾರೆ ಎಂದು ನಮ್ಮನ್ನು ಹೊರಗೆ ಕಳಿಸಿದರು.

ಬೆಂಚಿನ ಒಂದು ತುದಿಗೆ ಅತ್ತೆ, ಇನ್ನೊಂದು ತುದಿಗೆ ಸಣ್ಣತ್ತೆ, ನಡುವೆ ನಾನು. ಈಗ ಶುರುವಾಗುತ್ತದೆ ಸಣ್ಣತ್ತೆಯ ಪುರಾಣ ಎಂದು ಹಲ್ಲು ಕಚ್ಚಿಕೊಂಡು ಕುಳಿತೆ. ಒಂದು ಮಾತು ಅಂದರೂ ನಾನು ಸುಮ್ಮನಿರುವವಳಲ್ಲ. ಸಣ್ಣತ್ತೆ ಸೆರಗಿನ ತುದಿ ತಿರುಚುತ್ತ ಆ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು.

ಬಾಗಿಲು ತೆರೆಯಿತು. ಬುಟ್ಟಿಯಲ್ಲಿ ಕೋಳಿ ಕಣ್ಣು ಪಿಳಿಪಿಳಿ ಬಿಡುತ್ತಿತ್ತು. ಪಕ್ಕದ ತಟ್ಟೆಯಲ್ಲಿ ಸೂಜಿ. ಬೇರೆ ಕಾಯಿಲೆ ಏನೂ ಇಲ್ಲ ಎಂದರು ಡಾಕ್ಟರು. ಗಾಯ ಮಾಯುವವರೆಗೆ ಉಳಿದ ಕೋಳಿಗಳ ಜೊತೆ ಬಿಡಬಾರದು, ಹೊಲಿಗೆಯನ್ನು ಕುಕ್ಕುತ್ತವೆ. ಮೆತ್ತನೆಯ ಮೇವನ್ನು ಸ್ವಲ್ಪ ಸ್ವಲ್ಪವೇ ಕೊಡಬೇಕು ಎಂದು ಹೇಳುತ್ತಿರುವಾಗಲೇ ಸಣ್ಣತ್ತೆಯ ಫೋನ್ ಬಡಿದುಕೊಂಡಿತು.

ಹೂಳುವವನು. ಹೇಳಿದ್ದಕ್ಕಿಂತ ಬೇಗ ಬಂದು ಗೂಡಿನ ಬಾಗಿಲಲ್ಲೇ ನಿಂತಿದ್ದ. ಶುರು ಮಾಡಲೇ ಎಂದು ಕೇಳುತ್ತಿದ್ದ. ಮುಟ್ಟಬೇಡ ಎಂದು ಸಣ್ಣತ್ತೆ ಕಿರುಚಿದರು. ಹಾಗಾದರೆ ಕೋಳಿಗೆ ಆಗಿದ್ದೇನು ಎಂದು ಅವನು ಕೇಳಿದ್ದು ನನಗೂ ಕೇಳಿಸಿತು. ಅವನ ಬಾಯಿಗೆ ಬಿದ್ದರೆ ಸಂಜೆಯೊಳಗೆ ಮನೆ ಮನೆಗೂ ಸುದ್ದಿ. ಅತ್ತೆ ತಲೆ ತಗ್ಗಿಸಿದರು. ಸಣ್ಣತ್ತೆ ತಟ್ಟೆಯತ್ತ ನೋಡಿದರು, ಅತ್ತೆಯತ್ತ ನೋಡಿದರು.

“ಏನೂ ಆಗಿಲ್ಲ ಮಾರಾಯ. ಅಜೀರ್ಣ. ನೀನು ಹೋಗು.”

ಅತ್ತೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಬೆಂಚಿನ ಮೇಲೆ ಕುಸಿದು ಅತ್ತರು. ಸಣ್ಣತ್ತೆ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬುಟ್ಟಿಯನ್ನು ತಾವೇ ಎತ್ತಿಕೊಂಡು, ಬಿಸಿಲೇರುವ ಮೊದಲು ಮನೆ ಸೇರೋಣ ಏಳಿ ಎಂದು ಗದರಿದರು.