ಬಂದವರಿಗೆ ಹೋಳಿಗೆ

ನಮ್ಮ ಮನೆಯವರು ಏನೇನು ಕಲಸಿ ತಿನ್ನುತ್ತಾರೆ ಅನ್ನುವುದನ್ನು ಹೊರಗೆ ಬಾಯಿಬಿಡಬಾರದು ಎಂದು ಅವ್ವ ನಮಗೆ ತಾಕೀತು ಮಾಡಿದ್ದಳು. ಅವ್ವ ತೀರಿಕೊಂಡಳು. ಆ ಮನೆಯ ಮರ್ಯಾದೆ ಕಾಯುವ ಕೆಲಸದಿಂದ ನನ್ನನ್ನೂ ಬಿಡಿಸಿದರು. ಇನ್ನು ಮುಚ್ಚಿಟ್ಟುಕೊಂಡು ಯಾರಿಗೆ ಉಪಕಾರ ಮಾಡಲಿ? ಹೇಳಿಯೇ ಬಿಡುತ್ತೇನೆ.

ಅಪ್ಪ ಮಾವಿನಹಣ್ಣನ್ನು ಕಡಲೆಹಿಟ್ಟಿನ ಖಾರದ ಜುಣಕದ ಜೊತೆ ತಿನ್ನುತ್ತಿದ್ದ. ಅವ್ವ ಚಹಾದೊಳಗೆ ಚುರುಮುರಿ ಸುರಿದು, ಮೇಲೆ ಶೇಂಗಾ ಚಟ್ನಿ ಉದುರಿಸಿಕೊಳ್ಳುವಳು. ಅಣ್ಣ ಬಾಳೆಹಣ್ಣನ್ನು ಉಪ್ಪಿನಕಾಯಿಯ ಎಣ್ಣೆಯಲ್ಲಿ ಅದ್ದುತ್ತಿದ್ದ. ನಾನೇನು ಕಡಿಮೆಯವಳಲ್ಲ. ಮನೆಗೆ ಬಂದವರು ಹೋಳಿಗೆ ಉಂಡು ಹೋದ ಮೇಲೆ, ಉಳಿದ ಹೋಳಿಗೆಗೆ ಹಸಿ ಎಣ್ಣೆ, ಖಾರದ ಪುಡಿ ಸವರಿ ಸುರುಳಿ ಸುತ್ತಿ ತಿನ್ನುತ್ತಿದ್ದೆ. ಹೋಳಿಗೆಯನ್ನು ತುಪ್ಪದ ಜೊತೆ, ಹೋಳಿಗೆಯ ಹಾಗೆ ತಿನ್ನುವುದು ಬಂದವರಿಗೆ ಮಾತ್ರ.

ಆದರೆ ಇವೆಲ್ಲದರ ದೊಡ್ಡಪ್ಪ ಅಂದರೆ ಗದ್ಲ. ಹೆಸರು ನಮ್ಮದೇ, ಇನ್ನೊಬ್ಬರ ಮನೆಯಲ್ಲಿ ಕೇಳಿದರೆ ಯಾರಿಗೂ ತಿಳಿಯದು. ನಮ್ಮೂರು ಮಹಾಲಿಂಗಪುರದಿಂದ ಚಿಮ್ಮಡದ ಕಡೆ ಹೋಗುವ ದಾರಿಯಲ್ಲಿದೆ. ಮನೆಯದೇ ಕಬ್ಬಿನ ಗಾಣವಿತ್ತು. ಗಟ್ಟಿಯಾಗುವ ಮೊದಲೇ ತೆಗೆದಿಟ್ಟ ಜೋನಿ ಬೆಲ್ಲ ವರ್ಷವಿಡೀ ಕೊಡದಲ್ಲಿರುತ್ತಿತ್ತು. ನಿನ್ನೆಯ ಜೋಳದ ರೊಟ್ಟಿಯನ್ನು ದೊಡ್ಡ ಗಂಗಾಳದಲ್ಲಿ ಮುರಿದು ಹಾಕಿ, ಅದರ ಮೇಲೆ ಕೆನೆಮೊಸರು, ಜೋನಿ ಬೆಲ್ಲ, ಕೆಂಪು ಮೆಣಸಿನಕಾಯಿಯ ರಂಜಕ, ಜಜ್ಜಿದ ಉಳ್ಳಾಗಡ್ಡಿ. ಅವ್ವ ಮೊಣಕೈವರೆಗೆ ಬಳೆ ಸರಿಸಿ ಕಲಸುತ್ತಿದ್ದಳು. ಗಂಗಾಳ ಒಂದೇ, ಕೈ ಎಲ್ಲರದೂ. ಸಿಹಿ, ಹುಳಿ, ಖಾರ ಒಟ್ಟಿಗೇ ನಾಲಿಗೆಯ ಮೇಲೆ ಬಂದು ಕಿವಿಯಲ್ಲಿ ಹೊಗೆ ಬರಬೇಕು. ಹಾ ಹಾ ಅನ್ನುತ್ತಾ, ಮೂಗು ಒರೆಸುತ್ತಾ, ಒಬ್ಬರ ಕೈ ಒಬ್ಬರು ದೂಡುತ್ತಾ ಉಣ್ಣುತ್ತಿದ್ದೆವು.

ಒಮ್ಮೆ ಹೀಗೆ ಕೂತಾಗ ಅಂಗಳದಲ್ಲಿ ಅಪ್ಪನ ಸೋದರಮಾವನ ಕೆಮ್ಮು ಕೇಳಿತು. ನೆಂಟರ ಪೈಕಿ ಬಹಳ ದೊಡ್ಡ ಮನುಷ್ಯ. ಅವ್ವ ಗಂಗಾಳವನ್ನು ಸರಕ್ಕನೆ ಜೋಳದ ಚೀಲದ ಹಿಂದೆ ಸರಿಸಿ ಮೇಲೆ ಮೊರ ಮುಚ್ಚಿದಳು. ಒಳಗೆ ಬಂದವನು ನಮ್ಮ ಮುಖ ನೋಡಿ ಗಾಬರಿಯಾದ.

"ಯಾಕ್ರಲೇ, ಎಲ್ಲಾರೂ ಅಳಾಕತ್ತೀರಿ? ಯಾರಿಗಿ ಏನಾತು?"

ಅಪ್ಪ ಬಾಯಿ ತೆರೆಯುವ ಹಾಗಿರಲಿಲ್ಲ, ಬಾಯಿಯೊಳಗೆ ಇನ್ನೂ ತುತ್ತಿತ್ತು. ಅವತ್ತು ಅವನು ಹೋದ ಮೇಲೆ ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದನ್ನು ನೆನೆದರೆ ಈಗ ಸಿಟ್ಟು ಬರುತ್ತದೆ. ಅಷ್ಟು ನಕ್ಕವರು ಹೀಗೆ ಆಗಬಾರದಿತ್ತು.

ಅಣ್ಣನ ಮದುವೆಯಾಗಿ ವೈನಿ ಬಂದಾಗ ಗಂಗಾಳ ಕೆಲವು ತಿಂಗಳು ಅವಳಿಗೂ ಕಾಣದ ಹಾಗೆ ಅಡಗಿತ್ತು. ಪಾಪ, ಅವಳು ಹೊರಗೆ ಬಟ್ಟೆ ಒಣಹಾಕುವಾಗ ನಾವು ಒಳಗೆ ಕಳ್ಳರ ಹಾಗೆ ತಿನ್ನುತ್ತಿದ್ದೆವು. ಒಂದು ದಿನ ನನಗೇ ತಡೆಯಲಾಗಲಿಲ್ಲ. ಹೋಗಿ ಅವಳ ಕೈ ಹಿಡಿದು ಎಳೆದುಕೊಂಡು ಬಂದೆ. ಅವ್ವ ಒಂದು ಕ್ಷಣ ನನ್ನನ್ನು ದುರುಗುಟ್ಟಿ ನೋಡಿದಳು, ಆಮೇಲೆ ಸರಿದು ಜಾಗ ಮಾಡಿದಳು.

"ಬಾರವಾ, ಕೈ ಹಾಕು. ಇನ್ನ ನೀ ಹೊರಗಿನಾಕಿ ಅಲ್ಲ."

ವೈನಿ ಮೊದಲ ತುತ್ತಿಗೆ ಕೆಮ್ಮಿದಳು, ಎರಡನೆಯದಕ್ಕೆ ಅತ್ತಳು. ಖಾರಕ್ಕಲ್ಲ. ಅವಳೇ ಆಮೇಲೆ ನನಗೆ ಹೇಳಿದ್ದಳು: "ನೀ ಕರದಿ ನೋಡು, ಅವತ್ತ ಈ ಮನಿ ನಂದಾತು." ಈ ಮಾತು ನೆನಪಿರಲಿ. ನನಗಂತೂ ಮರೆಯುವ ಯೋಗವಿಲ್ಲ.

ನನ್ನನ್ನು ಮುಧೋಳಕ್ಕೆ ಕೊಟ್ಟರು. ಅಲ್ಲಿ ಒಂದು ಸಲ ಆಸೆಪಟ್ಟು ಒಂದು ಬಟ್ಟಲು ಕಲಸಿಕೊಂಡೆ. ಅತ್ತೆ ನೋಡಿ ಮೂಗು ಮುರಿದರು. "ಬೆಲ್ಲಾ ಖಾರಾ ಕೂಡಿಸಿ ತಿನ್ನಾಕ ನಿಮ್ಮ ಮಂದಿಗೇನ ಹುಚ್ಚ ಹಿಡದೈತೇನ?" ಆ ಮನೆಯಲ್ಲಿದ್ದಷ್ಟು ವರ್ಷ ಮತ್ತೆ ಅದನ್ನು ಮುಟ್ಟಲಿಲ್ಲ. ಅದು ದೊಡ್ಡ ದುಃಖವೇನೂ ಅಲ್ಲ. ದೊಡ್ಡದು ಬೇರೆ ಇತ್ತು: ಗಂಡ ಕೈ ಎತ್ತುತ್ತಿದ್ದ. ಮಕ್ಕಳಿರಲಿಲ್ಲ. ಅಪ್ಪ ಮೊದಲೇ ತೀರಿಕೊಂಡಿದ್ದ; ಅವ್ವ ಇರುವ ತನಕ ಅವಳು ಕೊರಗುತ್ತಾಳೆಂದು ಸಹಿಸಿದೆ. ಅವಳು ಹೋದ ಮೇಲೆ ಯಾರ ಸಲುವಾಗಿ ಸಹಿಸಬೇಕು? ಒಂದು ಬೆಳಗ್ಗೆ ಅಣ್ಣನಿಗೆ ಫೋನ್ ಮಾಡಿದೆ.

"ಅಣ್ಣಾ, ಬರಾಕತ್ತೇನಿ. ಹೊಳ್ಳಿ ಹೋಗಾಂಗಿಲ್ಲ."

ಅವನು, "ಬಾ. ಮನಿ ಎಲ್ಲಿ ಹೋಗೇತಿ?" ಅಂದ.

ಆ ಮಾತನ್ನು ಗಟ್ಟಿ ಹಿಡಿದುಕೊಂಡು ಬಸ್ಸು ಹತ್ತಿದೆ. ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಆಟೋದಲ್ಲಿ ಕೂತರೂ ತಲೆಯಲ್ಲಿ ಒಂದೇ ಯೋಚನೆ, ನಿನ್ನೆಯ ರೊಟ್ಟಿ ಉಳಿದಿರಬೇಕು, ಎಲ್ಲರೂ ಕೂತು ಗದ್ಲ ಕಲಸಬೇಕು. ನಗಬೇಡಿ. ಗಂಡನ ಏಟಿಗೆ ಕೆನ್ನೆ ಊದಿಸಿಕೊಂಡು ತವರಿಗೆ ಹೊರಟ ಹೆಂಗಸಿಗೆ ಹಸಿವೂ ಇರುತ್ತದೆ.

ಬಾಗಿಲಲ್ಲಿ ಕಾಲಿಡುತ್ತಲೇ ಹೋಳಿಗೆಯ ವಾಸನೆ ಬಂತು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಪಡಸಾಲೆಯಲ್ಲಿ ಒಂದೇ ಮಣೆ ಹಾಕಿತ್ತು. ಎದುರಿಗೆ ಹೊಸ ಸ್ಟೀಲಿನ ತಾಟು, ಬದಿಗೆ ತುಂಬಿದ ತಂಬಿಗೆ. ಹೋಳಿಗೆ, ತುಪ್ಪ, ಕಟ್ಟಿನ ಸಾರು, ಎಣ್ಣೆಗಾಯಿ, ಕೋಸಂಬರಿ, ಹಪ್ಪಳ. ಯಾವ ಬೀಗಿತ್ತಿಗೂ ಒಂದು ಮಾತು ಆಡಲು ಸಂದು ಇಲ್ಲದ ಊಟ.

"ವೈನಿ, ಇದೆಲ್ಲಾ ಯಾಕ ಮಾಡಾಕ ಹೋದಿ? ನಿನ್ನಿ ರೊಟ್ಟಿ ಅದಾವೇನು? ಗದ್ಲಾ ಕಲಸೂನು."

"ಅಯ್ಯ, ಬಂದವ್ರಿಗಿ ನಿನ್ನಿ ರೊಟ್ಟಿ ಹಾಕೂದ್ಯಾಂಗ್ರೀ?" ಅಂದಳು ವೈನಿ. "ಕೂಡ್ರಿ. ನಾಚಬ್ಯಾಡ್ರಿ, ತಗೋರಿ."

ಅಷ್ಟು ವರ್ಷ ನನ್ನನ್ನು ನೀನು, ನೀನು ಅಂದವಳು. ಅಣ್ಣನ ಕಡೆ ನೋಡಿದೆ. ಅವನು ಮೊಬೈಲು ಒರೆಸುತ್ತಿದ್ದ. "ನೀ ಉಣ್ಣು, ನಮ್ಮದು ಆಮ್ಯಾಲ ಆಕ್ಕೈತಿ" ಅಂದ. ಹೋಗು ಎಂದು ಇಬ್ಬರೂ ಬಾಯಿಬಿಟ್ಟು ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ. ಯಾರಿಗೆ ಹೋಳಿಗೆ, ಯಾರಿಗೆ ಗಂಗಾಳ ಅನ್ನುವುದು ಆ ಮನೆಯಲ್ಲಿ ನಮ್ಮ ಮೂವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತುಪ್ಪ ಜಾರುವ ಹೋಳಿಗೆಯನ್ನು ನೀರು ಕುಡಿದು ಇಳಿಸಿದೆ.

ಕೈ ತೊಳೆದು ಬರುವಷ್ಟರಲ್ಲಿ ವೈನಿ ಕುಂಕುಮದ ಬಟ್ಟಲು, ಕುಪ್ಪಸದ ಖಣ, ಅಕ್ಕಿ, ತೆಂಗಿನಕಾಯಿ ತಂದಿಟ್ಟಿದ್ದಳು. ಗಂಡನ ಮನೆಗೆ ಹೊರಟ ಮಗಳಿಗೆ ಉಡಿ ತುಂಬುತ್ತಾರಲ್ಲ, ಅದಕ್ಕೆ. "ಸಂಜೀ ಬಸ್ಸಿಗಿ ಹ್ವಾದ್ರ ಹೊತ್ತ ಮುಳುಗೂದ್ರಾಗ ಮುಟ್ಟತೀರಿ" ಅಂದಳು. ನಾನು ಸೆರಗು ಒಡ್ಡಿದೆ. ಯಾಕೆ ಒಡ್ಡಿದೆ, ಅಕ್ಕಿಯನ್ನು ಅವಳ ಮುಖಕ್ಕೆ ಯಾಕೆ ಎಸೆಯಲಿಲ್ಲ ಎಂದು ಇವತ್ತಿಗೂ ನನ್ನನ್ನೇ ಬೈದುಕೊಳ್ಳುತ್ತೇನೆ. ಅಣ್ಣ ಮೋಟರ್‌ಸೈಕಲ್ಲಿನ ಮೇಲೆ ಬಸ್‌ಸ್ಟ್ಯಾಂಡಿಗೆ ಬಿಟ್ಟ.

"ಆಗಾಗ ಬರತಿರು," ಅಂದ.

ಥೂ, ಅವನ ಆಗಾಗಕ್ಕೆ ಬೆಂಕಿ ಹಾಕ! ಅವನ ಗಾಡಿ ಕಣ್ಮರೆಯಾಗುವವರೆಗೆ ಮುಧೋಳದ ಬಸ್ಸಿನ ಹತ್ತಿರ ನಿಂತಿದ್ದೆ. ಆಮೇಲೆ ಜಮಖಂಡಿಯ ಬಸ್ಸು ಹತ್ತಿದೆ. ಅಲ್ಲಿ ಕಾಲೇಜಿನ ಗೆಳತಿಯೊಬ್ಬಳಿದ್ದಳು. ಅವಳು ಅವತ್ತು ನನಗೆ ಹೋಳಿಗೆ ಮಾಡಲಿಲ್ಲ, ತನ್ನ ತಾಟಿನ ಅನ್ನವನ್ನೇ ಎರಡು ಪಾಲು ಮಾಡಿದಳು. ಅವಳೇ ಓಡಾಡಿ ಒಂದು ಖಾಸಗಿ ಶಾಲೆಯಲ್ಲಿ ಕೆಲಸ ಕೊಡಿಸಿದಳು. ಒಂದು ಮಹಡಿಯ ಮೇಲೆ ಬಾಡಿಗೆ ಕೋಣೆ ಹಿಡಿದೆ. ನನ್ನದೇ ಒಲೆ, ನನ್ನದೇ ಬೀಗ. ಭಾನುವಾರಕ್ಕೊಮ್ಮೆ ಗದ್ಲ ಕಲಸುತ್ತೇನೆ, ಕೇಳುವವರಿಲ್ಲ.

ಹೋದ ವರ್ಷ ಅಂಥದೊಂದು ಭಾನುವಾರ, ಕೈ ಇನ್ನೂ ಪಾತ್ರೆಯೊಳಗಿತ್ತು, ಮೆಟ್ಟಿಲ ಮೇಲೆ ಅಣ್ಣನ ದನಿ ಕೇಳಿತು. ಇಷ್ಟು ವರ್ಷಗಳ ಮೇಲೆ, ಮಗಳ ಮದುವೆಯ ಕಾರ್ಡು ಕೊಡಲು ವಿಳಾಸ ಹುಡುಕಿಕೊಂಡು ಬಂದಿದ್ದ. ನಾನು ಯೋಚನೆ ಮಾಡಲಿಲ್ಲ. ಕೈ ತಾನೇ ಪಾತ್ರೆಯನ್ನು ಕಟ್ಟೆಯ ಮೂಲೆಗೆ ಸರಿಸಿ ಮೊರ ಮುಚ್ಚಿತು.

ಅವನನ್ನು ಕುರ್ಚಿಯಲ್ಲಿ ಕೂಡಿಸಿದೆ. ಗೋಡಂಬಿ ಹಾಕಿ ಶಿರಾ ಮಾಡಿದೆ, ಹೊಸ ಪ್ಲೇಟು ತೆಗೆದು ಹಾಕಿಕೊಟ್ಟೆ. ತಲೆಯೆಲ್ಲ ಬೆಳ್ಳಗಾಗಿತ್ತು ಅವನದು. ಚಮಚ ಕೈಯಲ್ಲೇ ಇಟ್ಟುಕೊಂಡು ಎರಡು ಸಲ ಮೂಗು ಎಳೆದ.

"ರಂಜಕದ ವಾಸನಿ ಬರಾಕತ್ತೈತಿ," ಅಂದ. ಮುಖ ಚಿಕ್ಕ ಹುಡುಗನ ಹಾಗಾಗಿತ್ತು. "ಗದ್ಲಾ ಕಲಸೀಯೇನಬೇ? ಅವ್ವ ಹೋದಮ್ಯಾಲ ನಮ್ಮ ಮನ್ಯಾಗ ಅದನ್ನ ಯಾರೂ ಮಾಡಿಲ್ಲ. ನಿಮ್ಮ ವೈನಿ ಮಾಡಾಕ ಹ್ವಾದ್ರ ಮಕ್ಕಳು ನಗತಾವು. ಒಂದೀಟ ಹಾಕಬೇ."

ಹಾಕಿಕೊಡಬೇಕು ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಮೊರ ಎರಡು ಹೆಜ್ಜೆ ದೂರದಲ್ಲಿತ್ತು.

"ಅಯ್ಯ, ಬಂದವ್ರಿಗಿ ಅದನ್ನ ಹಾಕೂದ್ಯಾಂಗ್ರೀ ಅಣ್ಣಾರ?" ಅಂದೆ. "ಶಿರಾ ತಗೋರಿ. ನಾಚಬ್ಯಾಡ್ರಿ."

ಅವನು ಒಂದು ಚೂರೂ ಬಿಡದೆ ಶಿರಾ ತಿಂದ, ನಡುವೆ ನೀರು ಕುಡಿದು ಕುಡಿದು ಇಳಿಸಿದ. ಕಾರ್ಡನ್ನು ಕುರ್ಚಿಯ ಮೇಲಿಟ್ಟು ಮೆಟ್ಟಿಲು ಇಳಿದುಹೋದ. ಆಗಾಗ ಬರ್ರಿ ಎಂದು ಮೇಲಿನಿಂದ ಹೇಳಿದೆ.

ಮೊರ ತೆಗೆದು ಉಣ್ಣಲು ಕೂತೆ. ಒಬ್ಬರಿಗೆ ಸಾಕಾಗುವಷ್ಟು ಗದ್ಲ ಕಲಸುವುದು ನನಗೆ ಇನ್ನೂ ಬಂದಿಲ್ಲ, ಕೈ ಇವತ್ತಿಗೂ ಮನೆಮಂದಿಯ ಲೆಕ್ಕದಲ್ಲೇ ರೊಟ್ಟಿ ಮುರಿಯುತ್ತದೆ. ನನ್ನ ಹೊಟ್ಟೆ ತುಂಬಿದ ಮೇಲೆ ಅಣ್ಣನ ಪಾಲು ಹಾಗೇ ಉಳಿದಿತ್ತು. ಅದನ್ನು ಕೆಳಗಿನ ಮನೆಯವರ ಎಮ್ಮೆಯ ಕಲಗಚ್ಚಿನ ಬಾನಿಗೆ ಸುರಿದು ಬಂದೆ.